ಜಿಡ್ಡಿನ ಪೋಮೇಡೋ, ನೀರಿಗೆ ಕರಗುವ ಪೋಮೇಡೋ: ಮೂರು ಊರುಗಳ ಹವೆಯಲ್ಲಿ ಬಳಸಿ ನೋಡಿದ ಹೋಲಿಕೆ

ಬಾಚಿದ ಕೂದಲು ಬಾಚಿದಂತೆಯೇ ನಿಲ್ಲಲೆಂದು ಹಚ್ಚುವ ಪೋಮೇಡ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಡಬ್ಬಿಯ ಮೇಲೆ ಬರೆದಿರುವ ಎರಡು ಸಂಗತಿಗಳನ್ನಷ್ಟೇ ನೋಡುತ್ತಾರೆ: ಹಿಡಿತ ಎಷ್ಟು, ಹೊಳಪು ಎಷ್ಟು. ನನ್ನ ಅನುಭವದಲ್ಲಿ ಇವುಗಳಿಂದ ಆಯ್ಕೆಗೆ ಸಿಗುವ ನೆರವು ಕಡಿಮೆ. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದ ಹೊತ್ತಿಗೆ ತಲೆಯ ಮೇಲೆ ಏನಾಗಿರುತ್ತದೆ, ರಾತ್ರಿ ಅದನ್ನು ತೊಳೆಯಲು ಮನೆಯಲ್ಲಿ ಎಂಥ ನೀರು ಬರುತ್ತದೆ ಎಂಬುದು ಗೊತ್ತಿದ್ದರೆ, ಯಾವ ಬಗೆಯ ಪೋಮೇಡ್ ಬೇಕೆಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ. ನಾನು ಇರುವುದು ಬೆಂಗಳೂರಿನಲ್ಲಿ, ಹುಟ್ಟಿದ ಮನೆ ಮಂಗಳೂರಿನ ಹತ್ತಿರ, ಪತ್ನಿಯ ತವರು ಕಲಬುರಗಿ. ಹೀಗಾಗಿ ಒಂದೇ ಡಬ್ಬಿಯನ್ನು ಹೆಲ್ಮೆಟ್ಟಿನ ಕೆಳಗೂ, ಕರಾವಳಿಯ ಮಳೆಗಾಲದಲ್ಲೂ, ಏಪ್ರಿಲ್ ತಿಂಗಳ ಕಲಬುರಗಿಯ ಬಿಸಿಲಿನಲ್ಲೂ ಪರೀಕ್ಷಿಸುವ ಅವಕಾಶ ಬೇಡವೆಂದರೂ ಒದಗಿದೆ.

ನನ್ನ ಕೂದಲಿನ ವಿವರವನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಮಾತುಗಳೆಲ್ಲ ಅದಕ್ಕೆ ಅಂಟಿಕೊಂಡಿವೆ. ಕೂದಲು ದಪ್ಪ, ಅಲ್ಪಸ್ವಲ್ಪ ಅಲೆಯಿದೆ. ಕ್ರಾಪು ಪಕ್ಕಬೈತಲೆಯದು, ಕಿವಿಯ ಮೇಲ್ಭಾಗ ಚಿಕ್ಕದು, ಮುಂಭಾಗ ಹಿಂದಕ್ಕೆ ಬಾಚುವಷ್ಟು ಉದ್ದ. ನೆತ್ತಿಯಲ್ಲಿ ಎರಡು ಸುಳಿಗಳಿವೆ. ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂದು ಹಿರಿಯರು ತಮಾಷೆ ಮಾಡುವುದುಂಟು. ನನ್ನ ಪಾಲಿಗೆ ಅವುಗಳ ಫಲವೆಂದರೆ ಯಾವ ಬಾಚಣಿಗೆಗೂ ಬಗ್ಗದೆ ಎದ್ದು ನಿಲ್ಲುವ ಒಂದು ಜುಟ್ಟು ಮಾತ್ರ. ತೆಳ್ಳನೆಯ, ವಿರಳವಾದ ಕೂದಲಿರುವವರು ಈ ಬರಹದ ಅರ್ಧದಷ್ಟು ತೀರ್ಮಾನಗಳನ್ನು ತಲೆಕೆಳಗು ಮಾಡಿ ಓದಿಕೊಳ್ಳಬೇಕಾಗುತ್ತದೆ.

ನಮ್ಮಲ್ಲಿ ತಲೆಮಾರುಗಳಿಂದ ಈ ಕೆಲಸವನ್ನು ಮಾಡಿಕೊಂಡು ಬಂದದ್ದು ಕೊಬ್ಬರಿ ಎಣ್ಣೆ. ಅದಕ್ಕೆ ಹೊಳಪಿದೆ, ಹಿಡಿತವಿಲ್ಲ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವ ಎಣ್ಣೆ ಜೀವಂತ ತಲೆಯ ಮೇಲೆ ಯಾವಾಗಲೂ ದ್ರವವಾಗಿಯೇ ಇರುತ್ತದೆ. ಕೂದಲನ್ನು ತನ್ನ ಭಾರದಿಂದ ಮಲಗಿಸಬಲ್ಲದೇ ಹೊರತು ನಿಲ್ಲಿಸಲಾರದು. ಅದರ ಮುಂದಿನ ಮೆಟ್ಟಿಲು ಕ್ರೀಮು. 1928ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಬ್ರಿಲ್‌ಕ್ರೀಮ್ ಈ ಬಗೆಗೆ ಮಾದರಿ: ನೀರು ಮತ್ತು ಖನಿಜ ತೈಲವನ್ನು ಜೇನುಮೇಣದ ನೆರವಿನಿಂದ ಒಂದಾಗಿಸಿದ ಬಿಳಿಯ ಕ್ರೀಮು. ಅಲ್ಲಿ ಡೆನಿಸ್ ಕಾಂಪ್ಟನ್, ಇಲ್ಲಿ ಫರೂಕ್ ಎಂಜಿನಿಯರ್ ಎಂಬ ಕ್ರಿಕೆಟಿಗರು ಅದರ ಜಾಹೀರಾತಿಗೆ ಮುಖವಾಗಿದ್ದರು, ಮತ್ತು ನಮ್ಮ ತಂದೆಯ ಕಾಲದವರು ಕೂದಲಿಗೆ ಹಚ್ಚುವ ಯಾವ ಕ್ರೀಮನ್ನೂ ಆ ಹೆಸರಿನಿಂದಲೇ ಕರೆಯುತ್ತಿದ್ದರು. ಈ ಬಗೆಯ ಕ್ರೀಮುಗಳು ಮೆದು ಕೂದಲಿಗೆ ಇಂದಿಗೂ ಒಳ್ಳೆಯ ಆಯ್ಕೆ, ತೊಳೆಯುವುದೂ ಸುಲಭ. ನನ್ನ ಸುಳಿಗಳ ಮುಂದೆ ಅವುಗಳ ಆಟ ನಡೆಯುವುದಿಲ್ಲವಾದ್ದರಿಂದ, ಹೋಲಿಕೆಯನ್ನು ಇನ್ನು ಮುಂದೆ ಪೋಮೇಡಿನ ಎರಡು ಮುಖ್ಯ ಪಂಗಡಗಳಿಗೆ ಸೀಮಿತಗೊಳಿಸುತ್ತೇನೆ.

ಮೊದಲನೆಯದು ಹಳೆಯ ಪಂಗಡ, ಅಂದರೆ ಜಿಡ್ಡಿನ ಪೋಮೇಡ್. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಕರಡಿಯ ಕೊಬ್ಬು, ಹಂದಿಯ ಕೊಬ್ಬು ಮೊದಲಾದವುಗಳಿಂದ ಮಾಡುತ್ತಿದ್ದರು. ರಾಬರ್ಟ್ ಚೀಸ್‌ಬ್ರೋ 1872ರಲ್ಲಿ ಅಮೆರಿಕದಲ್ಲಿ ವ್ಯಾಸಲೀನಿಗೆ ಪೇಟೆಂಟ್ ಪಡೆದ ಮೇಲೆ, ಕೊಳೆಯದ, ಕಮಟು ಹಿಡಿಯದ ಪೆಟ್ರೋಲಿಯಂ ಜೆಲ್ಲಿಯು ಕ್ರಮೇಣ ಪ್ರಾಣಿಜನ್ಯ ಕೊಬ್ಬಿನ ಜಾಗವನ್ನು ಹಿಡಿಯಿತು. ಕಿತ್ತಳೆ ಬಣ್ಣದ ಡಬ್ಬಿಯಲ್ಲಿ ಬರುವ, 1920ರ ದಶಕದ ಅಮೆರಿಕದಲ್ಲಿ ಆರಂಭವಾಗಿ ಇಂದಿಗೂ ಮಾರಾಟದಲ್ಲಿರುವ ಮರ್ರೇಸ್ ಇದರ ಹೆಸರುವಾಸಿ ಉದಾಹರಣೆ. ರಾಟರ್‌ಡ್ಯಾಮಿನ ಸ್ಕೋರೆಮ್ ಕ್ಷೌರದಂಗಡಿಯವರ ರೂಜೆಲ್ ಡಬ್ಬಿಗಳಲ್ಲಿ ಹಸಿರು ಮತ್ತು ಗುಲಾಬಿ ಬಣ್ಣದವು ಈ ಪಂಗಡಕ್ಕೆ ಸೇರಿದರೆ, ನೀಲಿ ಮತ್ತು ಕೆಂಪು ಬಣ್ಣದವು ನೀರಿಗೆ ಕರಗುವ ಪಂಗಡಕ್ಕೆ ಸೇರುತ್ತವೆ. ಆನ್‌ಲೈನಿನಲ್ಲಿ ತರಿಸುವವರು ಈ ಬಣ್ಣಗಳ ವ್ಯತ್ಯಾಸವನ್ನು ಗಮನಿಸದೆ ಒಂದನ್ನು ಬಯಸಿ ಇನ್ನೊಂದನ್ನು ಪಡೆಯುವುದುಂಟು.

ಜಿಡ್ಡಿನ ಪೋಮೇಡ್ ಕೂದಲನ್ನು ಹಿಡಿಯುವುದು ತನ್ನ ತೂಕದಿಂದ ಮತ್ತು ಅಂಟಿನಿಂದ. ಅದು ಒಣಗುವುದಿಲ್ಲ, ಗಟ್ಟಿಯಾಗುವುದೂ ಇಲ್ಲ. ಅದರ ಎಲ್ಲ ಗುಣಗಳೂ, ಎಲ್ಲ ತೊಂದರೆಗಳೂ ಇದರಿಂದಲೇ ಹುಟ್ಟುತ್ತವೆ. ಬೆಳಿಗ್ಗೆ ಹಚ್ಚಿದ್ದನ್ನು ಸಂಜೆ ಐದು ಗಂಟೆಗೆ ಜೇಬಿನ ಬಾಚಣಿಗೆಯಿಂದ ಎರಡು ಬಾರಿ ಎಳೆದರೆ ಬೈತಲೆ ಮತ್ತೆ ಗೆರೆ ಎಳೆದಷ್ಟು ನೇರವಾಗುತ್ತದೆ. ನೀರೂ ಬೇಡ, ಕನ್ನಡಿಯೂ ಬೇಡ. ಹಳೆಯ ಫೋಟೋಗಳಲ್ಲಿ ಗಂಡಸರ ಅಂಗಿಯ ಜೇಬಿನಿಂದ ಪೆನ್ನಿನ ಜೊತೆ ಬಾಚಣಿಗೆಯೂ ಇಣುಕುತ್ತಿದ್ದುದಕ್ಕೆ ಸಕಾರಣವಿತ್ತೆಂದು ಈ ಡಬ್ಬಿ ಬಳಸಿದ ಮೇಲೆ ನನಗೆ ತಿಳಿಯಿತು.

ಹಚ್ಚುವ ವಿಧಾನದಲ್ಲಿ ಸ್ವಲ್ಪ ತಾಳ್ಮೆ ಬೇಕು. ಡಿಸೆಂಬರಿನ ಬೆಂಗಳೂರಿನಲ್ಲಿ ಗಡುಸಾದ ಜಿಡ್ಡಿನ ಪೋಮೇಡ್ ಬೆರಳಿಗೆ ಬರುವುದೇ ಇಲ್ಲ. ಹೆಬ್ಬೆರಳಿನ ಉಗುರಿನಿಂದ ಕೆರೆದು ತೆಗೆದು, ಅಂಗೈಗಳ ನಡುವೆ ಅದು ಪೂರ್ತಿ ಕರಗಿ ಕಾಣೆಯಾಗುವವರೆಗೆ ಉಜ್ಜಿ, ಆಮೇಲೆ ಹಿಂದಲೆಯಿಂದ ಆರಂಭಿಸಿ ಮುಂದಕ್ಕೆ ಬರಬೇಕು. ಕೈ ಮೊದಲು ಮುಟ್ಟಿದ ಜಾಗದಲ್ಲಿ ಹೆಚ್ಚು ಪದಾರ್ಥ ಕೂರುವುದರಿಂದ, ಮುಂಗೂದಲಿನಿಂದ ಶುರುಮಾಡಿದರೆ ಹಣೆಯ ಮೇಲಿನ ಭಾಗ ಭಾರವಾಗಿ ಮಧ್ಯಾಹ್ನಕ್ಕೆ ಮುಂದಕ್ಕೆ ಬೀಳುತ್ತದೆ. ಹುಣಸೆಬೀಜದಷ್ಟು ತೆಗೆದುಕೊಂಡು ಆರಂಭಿಸಿ, ಸಾಲದಿದ್ದರೆ ಮತ್ತೆ ಅಷ್ಟೇ ತೆಗೆದುಕೊಳ್ಳುವುದು ಕ್ಷೇಮ. ಮೊದಲ ದಿನ ಇದು ಅಷ್ಟೇನೂ ಚೆನ್ನಾಗಿ ಕೂರುವುದಿಲ್ಲ. ತೊಳೆದ ಮೇಲೂ ಕೂದಲಿನಲ್ಲಿ ಉಳಿದುಕೊಂಡ ತೆಳು ಪದರದ ಮೇಲೆ ಎರಡನೆಯ ದಿನ ಹಚ್ಚಿದಾಗ ಅರ್ಧದಷ್ಟೇ ಸಾಕಾಗುತ್ತದೆ, ಬಾಚಿದ್ದು ಹೆಚ್ಚು ಹೊತ್ತು ನಿಲ್ಲುತ್ತದೆ.

ಎರಡನೆಯ ಪಂಗಡ ನೀರಿಗೆ ಕರಗುವ ಪೋಮೇಡ್. ಇದರ ಈಗಿನ ರೂಪ ಜನಪ್ರಿಯವಾದದ್ದು ಕ್ಯಾಲಿಫೋರ್ನಿಯಾದ ಕ್ಷೌರದಂಗಡಿಗಳಿಂದ. ಕೋಸ್ಟಾ ಮೆಸಾದ ಕ್ಷೌರಿಕ ಡಾನಿ ಹಾಲಿ 1999ರಲ್ಲಿ ಆರಂಭಿಸಿದ ಲೇರೈಟ್, ಜಿಡ್ಡಿನ ಪೋಮೇಡಿನ ಹೊಳಪನ್ನೂ ಸುಲಭವಾಗಿ ತೊಳೆದುಹೋಗುವ ಗುಣವನ್ನೂ ಒಂದೇ ಡಬ್ಬಿಯಲ್ಲಿ ಕೊಡುವ ಉದ್ದೇಶದ್ದಾಗಿತ್ತು; ಆಮೇಲೆ ಬಂದ ಸ್ವಾವೆಸೀಟೋ ಮುಂತಾದವು ಅದೇ ದಾರಿ ಹಿಡಿದವು. ಇವುಗಳ ಪದಾರ್ಥ ಪಟ್ಟಿ ನೀರಿನಿಂದ ಆರಂಭವಾಗಿ, ಸೆಟಿಯರೆತ್-25ರಂಥ ಮೇಣಸದೃಶ ವಸ್ತು, ಗ್ಲಿಸರಿನ್, ಪಿವಿಪಿ ಎಂಬ ಪಾಲಿಮರ್, ಸುಗಂಧ, ಸಂರಕ್ಷಕ ಎಂದು ಸಾಗುತ್ತದೆ. ಡಬ್ಬಿಯಲ್ಲಿ ಅದು ಬಾಂಬೆ ಹಲ್ವದ ತುಂಡಿನಂತೆ ಪಾರದರ್ಶಕವಾಗಿ ನಡುಗುತ್ತಿರುತ್ತದೆ, ಅಂಗೈಯಲ್ಲಿ ಕ್ಷಣದಲ್ಲಿ ಹರಡಿಕೊಳ್ಳುತ್ತದೆ.

ಇದು ಕೂದಲನ್ನು ಹಿಡಿಯುವ ಬಗೆಯೇ ಬೇರೆ. ನೀರು ಆವಿಯಾದಂತೆ ಪಾಲಿಮರ್ ಮತ್ತು ಮೇಣ ಕೂದಲಿನ ಸುತ್ತ ಪೊರೆಯಾಗಿ ಗಟ್ಟಿಯಾಗುತ್ತವೆ, ಅಂದರೆ ಅದು ಸೆಟ್ ಆಗುತ್ತದೆ. ಟವೆಲಿನಿಂದ ಒರೆಸಿದ ತೇವದ ಕೂದಲಿಗೆ ಹಚ್ಚಿದರೆ ಹೊಳಪು ಹೆಚ್ಚು, ಹಿಡಿತ ಸ್ವಲ್ಪ ಕಡಿಮೆ. ಒಣಗೂದಲಿಗೆ ಹಚ್ಚಿದರೆ ಹಿಡಿತ ಹೆಚ್ಚು, ಹರಡುವುದು ಕಷ್ಟ. ನನ್ನ ಜುಟ್ಟನ್ನು ಮೊದಲ ಬಾರಿ ಇಡೀ ಬೆಳಗು ಮಲಗಿಸಿಟ್ಟ ಕೀರ್ತಿ ಈ ಪಂಗಡದ್ದೇ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಒಮ್ಮೆ ಸೆಟ್ ಆದ ಮೇಲೆ ಒಣ ಬಾಚಣಿಗೆಯನ್ನು ಎಳೆದರೆ ಪೊರೆ ಒಡೆಯುತ್ತದೆ, ಹಿಡಿತ ಮತ್ತೆ ಕೂಡಿಕೊಳ್ಳುವುದಿಲ್ಲ. ಪದಾರ್ಥ ಹೆಚ್ಚಾಗಿದ್ದರೆ ತಲೆಹೊಟ್ಟಿನಂಥ ಬಿಳಿ ಪುಡಿ ಅಂಗಿಯ ಭುಜದ ಮೇಲೆ ಉದುರುತ್ತದೆ. ಸರಿಪಡಿಸಬೇಕಾದರೆ ಬೆರಳುಗಳನ್ನು ನೀರಿನಲ್ಲಿ ಅದ್ದಿ, ಕೂದಲಿನೊಳಗೆ ಆಡಿಸಿ, ಆಮೇಲೆ ಬಾಚಬೇಕು. ಕಚೇರಿಯ ಕೈತೊಳೆಯುವ ಜಾಗದಲ್ಲಿ ಹೀಗೆ ಮಾಡುವಾಗ ಹಿಂದೆ ನಿಂತು ಕಾಯುವ ಸಹೋದ್ಯೋಗಿಯ ಮುಖವನ್ನು ನೋಡದಿರುವುದು ಒಳಿತು.

ಈಗ ಊರುಗಳ ವಿಚಾರ. ಕಲಬುರಗಿಯ ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯ. ಪೆಟ್ರೋಲಿಯಂ ಜೆಲ್ಲಿ ಕರಗುವ ಮಟ್ಟ ಅದರ ದರ್ಜೆಗನುಗುಣವಾಗಿ 38ರಿಂದ 60 ಡಿಗ್ರಿಯವರೆಗೆ ಇರುತ್ತದೆ, ಜೇನುಮೇಣದ್ದು 62ರಿಂದ 64. ಆದ್ದರಿಂದ ಮೇಣ ಕಡಿಮೆಯಿರುವ ಜಿಡ್ಡಿನ ಪೋಮೇಡ್ ಅಲ್ಲಿನ ಬಿಸಿಲಿನಲ್ಲಿ ಕೂದಲ ಬುಡದಿಂದ ಇಳಿದು ಕಿವಿಯ ಹಿಂದೆ, ಕೊರಳಪಟ್ಟಿಯ ಒಳಗೆ ಪ್ರಯಾಣ ಹೊರಡುತ್ತದೆ. ಧೂಳು ಹಾರುವ ಆ ಬೀದಿಗಳಲ್ಲಿ ಸಂಜೆಯವರೆಗೆ ತಿರುಗಾಡಿ ಬಂದು ಬಿಳಿಯ ಕರವಸ್ತ್ರದಿಂದ ಕೂದಲನ್ನು ಒತ್ತಿ ನೋಡಿದರೆ, ಎಷ್ಟು ಮಣ್ಣು ಅಂಟಿಕೊಂಡಿದೆ ಎಂದು ಕಾಣುತ್ತದೆ. ನೀರಿಗೆ ಕರಗುವ ಪೋಮೇಡಿಗೆ ಅದೇ ಒಣ ಹವೆ ತವರುಮನೆ. ಬೇಗ ಸೆಟ್ ಆಗುತ್ತದೆ, ಕರಗುವುದಿಲ್ಲ, ಧೂಳನ್ನು ಅಷ್ಟಾಗಿ ಹಿಡಿಯುವುದಿಲ್ಲ. ಬೆವರು ಮಾತ್ರ ಬುಡವನ್ನು ಸಡಿಲಗೊಳಿಸುತ್ತದೆ, ಆದರೆ ಅಲ್ಲಿ ಬೆವರು ಬಂದಷ್ಟೇ ಬೇಗ ಆರಿಹೋಗುತ್ತದೆ.

ಮಂಗಳೂರಿನಲ್ಲಿ ಲೆಕ್ಕ ಅದಲುಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುವ ಊರದು. ಪಿವಿಪಿ ಗಾಳಿಯ ತೇವವನ್ನು ಹೀರಿಕೊಳ್ಳುವ ಪಾಲಿಮರ್, ಗ್ಲಿಸರಿನ್ ಅದಕ್ಕಿಂತಲೂ ಹೆಚ್ಚಾಗಿ ತೇವವನ್ನು ಸೆಳೆಯುವ ವಸ್ತು. ಹೀಗಾಗಿ ಬೆಳಿಗ್ಗೆ ಗಟ್ಟಿಯಾಗಿ ಕುಳಿತ ಪೊರೆ ಮನೆಯಿಂದ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಮೆತ್ತಗಾಗಿ, ಮುಟ್ಟಿದರೆ ಬೆರಳಿಗೆ ಅಂಟುವ ಸ್ಥಿತಿಗೆ ಬರುತ್ತದೆ. ಮಳೆಯ ಹನಿ ನೇರವಾಗಿ ತಲೆಗೆ ಬಿದ್ದರಂತೂ ಹಣೆಯ ಮೇಲೆ ಇಳಿದು ಕಣ್ಣು ಉರಿಸುತ್ತದೆ. ಜಿಡ್ಡಿನ ಪೋಮೇಡ್ ಅಲ್ಲಿ ನಿಜವಾಗಿ ಮೇಲುಗೈ ಪಡೆಯುತ್ತದೆ: ತೇವ ಅದರೊಳಗೆ ಹೋಗುವುದಿಲ್ಲ, ಮಳೆಹನಿ ಕೆಸುವಿನೆಲೆಯ ಮೇಲಿನಿಂದ ಜಾರುವ ಹಾಗೆ ಜಾರಿಹೋಗುತ್ತದೆ, ಸೆಕೆಗೆ ಮೆದುವಾದರೂ ಬಾಚಣಿಗೆಗೆ ಮತ್ತೆ ಮತ್ತೆ ಮಣಿಯುತ್ತದೆ. ಅಲೆಗೂದಲಿನವರಿಗೆ ಕರಾವಳಿಯಲ್ಲಿ ಕಾಡುವ ಕೂದಲು ಕೆದರಿ ಉಬ್ಬುವ ತೊಂದರೆಯೂ ಇದರಿಂದ ಬಹಳ ಕಡಿಮೆಯಾಗುತ್ತದೆ. ಸೆಕೆಯ ಊರಿಗೆ ಜಿಡ್ಡು ಸಲ್ಲದು ಎಂಬ ಸಾಮಾನ್ಯ ತಿಳಿವಳಿಕೆಯನ್ನು ನಾನು ಒಪ್ಪದಿರುವುದು ಈ ಕಾರಣದಿಂದ. ಸೆಕೆಯಲ್ಲಿ ಒಣ ಸೆಕೆ, ತೇವದ ಸೆಕೆ ಎಂಬ ಭೇದವನ್ನು ಮಾಡಲೇಬೇಕು.

ಬೆಂಗಳೂರಿನ ಹವೆ ಎರಡಕ್ಕೂ ಅನುಕೂಲವಾಗಿದ್ದರೂ, ಇಲ್ಲಿ ನಿರ್ಣಾಯಕವಾಗುವುದು ಹೆಲ್ಮೆಟ್ ಮತ್ತು ನೀರು.

ಸೆಟ್ ಆದ ಪೋಮೇಡಿನ ಮೇಲೆ ಹೆಲ್ಮೆಟ್ ಕೂರಿಸಿದರೆ, ಮುಕ್ಕಾಲು ಗಂಟೆಯ ಸಂಚಾರದ ನಂತರ ಒಳಗಿನ ಬೆವರು ಪೊರೆಯನ್ನು ಮೆದುಗೊಳಿಸಿ, ಹೆಲ್ಮೆಟ್ ಒತ್ತಿದ ಆಕಾರದಲ್ಲೇ ಅದು ಮತ್ತೆ ಗಟ್ಟಿಯಾಗುತ್ತದೆ. ತಲೆ ಹೊರತೆಗೆದಾಗ ನೆತ್ತಿ ಚಪ್ಪಟೆ, ಪಕ್ಕಗಳು ಉಬ್ಬು. ಜಿಡ್ಡಿನ ಪೋಮೇಡ್ ಇದಕ್ಕಿಂತ ವಿನಯಶೀಲ. ಹೆಲ್ಮೆಟ್ ತೆಗೆದು ಒಮ್ಮೆ ಬಾಚಿದರೆ ಬೆಳಗಿನ ಆಕಾರ ಬಹುಪಾಲು ಮರಳುತ್ತದೆ. ಆದರೆ ಅದು ಹೆಲ್ಮೆಟ್ಟಿನ ಒಳಪದರಕ್ಕೆ ಇಳಿದು, ಕೆಲವೇ ವಾರಗಳಲ್ಲಿ ಆ ಬಟ್ಟೆಗೆ ಹಳೆಯ ಅಡುಗೆಮನೆಯ ವಾಸನೆ ಬರುತ್ತದೆ. ಒಳಪದರವನ್ನು ಬಿಚ್ಚಿ ತೊಳೆಯಲು ಬರುವ ಹೆಲ್ಮೆಟ್ ಇಲ್ಲದವರು ಈ ದಾರಿಗೆ ಹೋಗದಿರುವುದೇ ಮೇಲು. ನಾನು ಈಗ ಪಾಲಿಸುವ ಕ್ರಮ ಬೇರೆ: ಬೈಕಿನಲ್ಲಿ ಹೋಗುವ ದಿನ ಮನೆಯಲ್ಲಿ ಏನನ್ನೂ ಹಚ್ಚದೆ, ಕಚೇರಿ ತಲುಪಿ ಕೂದಲನ್ನು ತುಸು ತೇವ ಮಾಡಿಕೊಂಡು ನೀರಿಗೆ ಕರಗುವ ಪೋಮೇಡನ್ನು ಅಲ್ಲಿಯೇ ಹಚ್ಚುತ್ತೇನೆ. ಇದಕ್ಕೆ ಚೀಲದಲ್ಲಿ ಒಂದು ಸಣ್ಣ ಡಬ್ಬಿ ಸಾಕು.

ಮೆಟ್ರೋದಲ್ಲಿ ಹೋಗುವವರಿಗೆ ಈ ತಾಪತ್ರಯವಿಲ್ಲ.

ನೀರಿನ ಪ್ರಶ್ನೆ ಇನ್ನೂ ಕಠಿಣವಾದದ್ದು. ಕಾವೇರಿ ನೀರು ಬರುವ ಮನೆಗೂ, ಕೊಳವೆಬಾವಿ ಅಥವಾ ಟ್ಯಾಂಕರ್ ನೀರನ್ನು ನೆಚ್ಚಿಕೊಂಡ ಹೊರವಲಯದ ಅಪಾರ್ಟ್‌ಮೆಂಟಿಗೂ ತಲೆ ತೊಳೆಯುವ ಅನುಭವದಲ್ಲಿ ಅಜಗಜಾಂತರವಿದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪಿತ ಮಟ್ಟವೆಂದೂ, ಬೇರೆ ನೀರಿನ ಮೂಲವಿಲ್ಲದಿದ್ದಾಗ 600ರವರೆಗೆ ಅನುಮತಿಸಬಹುದೆಂದೂ ಹೇಳುತ್ತದೆ. ಆ ಮೇಲಿನ ಮಟ್ಟದ ಹತ್ತಿರದ ನೀರಿನಲ್ಲಿ ಸೋಪು ನೊರೆಗಟ್ಟುವ ಬದಲು ಬಿಳಿ ಗಸಿಯಾಗಿ ಕೂದಲಿಗೆ ಅಂಟುತ್ತದೆ, ಶಾಂಪೂವಿನ ನೊರೆಯೂ ಕುಗ್ಗುತ್ತದೆ. ನೀರಿಗೆ ಕರಗುವ ಪೋಮೇಡ್ ಇಂಥ ನೀರಿನಲ್ಲೂ ಒಂದೇ ಸಲಕ್ಕೆ ಹೋಗಿಬಿಡುತ್ತದೆ. ಜಿಡ್ಡಿನದು ಎರಡು ಬಾರಿ ಶಾಂಪೂ ಹಾಕಿದರೂ ಹೋಗುವುದಿಲ್ಲ. ದಿಂಬಿನ ಕವರಿನ ಮೇಲೆ ಮೂಡುವ ಹಳದಿ ಕಲೆ ಅದಕ್ಕೆ ಸಾಕ್ಷಿ.

ಜಿಡ್ಡನ್ನು ತೆಗೆಯುವ ದಾರಿಯಲ್ಲಿ ನಾನು ಪಟ್ಟ ಪ್ರಯೋಗಗಳಲ್ಲಿ ಸೀಗೆಕಾಯಿ ಪುಡಿ, ಅಂಟುವಾಳ, ಕಡಲೆಹಿಟ್ಟು ಎಲ್ಲವೂ ಸೇರಿವೆ. ಸೀಗೆಕಾಯಿ ಕೊಬ್ಬರಿ ಎಣ್ಣೆಯನ್ನು ತೆಗೆಯುವಷ್ಟು ಸಲೀಸಾಗಿ ಪೆಟ್ರೋಲಿಯಂ ಜೆಲ್ಲಿಯನ್ನು ತೆಗೆಯುವುದಿಲ್ಲ. ಫಲ ಕೊಟ್ಟ ಉಪಾಯ ನಮ್ಮ ಅಭ್ಯಂಜನದ ಕ್ರಮಕ್ಕೆ ಬಹಳ ಹತ್ತಿರದ್ದು: ಒಣಗೂದಲಿಗೇ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಹಚ್ಚಿ, ಹತ್ತು ನಿಮಿಷ ತಿಕ್ಕಿ, ಒಳಗಿನ ಪೋಮೇಡ್ ಎಣ್ಣೆಯಲ್ಲಿ ಕರಗುವಂತೆ ಮಾಡಿ, ಅದರ ಮೇಲೆ ಕಡಲೆಹಿಟ್ಟನ್ನು ಉದುರಿಸಿ ಜಿಡ್ಡನ್ನು ಹೀರಿಸಿ, ಆಮೇಲಷ್ಟೇ ಬಿಸಿನೀರು ಮತ್ತು ಸೀಗೆಯನ್ನೋ ಶಾಂಪೂವನ್ನೋ ಬಳಸುವುದು. ನೀರು ಮೊದಲು ಬಿದ್ದರೆ ಕೆಲಸ ಕೆಟ್ಟಿತು. ಶುಕ್ರವಾರ, ಶನಿವಾರ ಜಿಡ್ಡಿನ ಪೋಮೇಡ್ ಹಚ್ಚಿ ಭಾನುವಾರ ಎಣ್ಣೆಸ್ನಾನ ಮಾಡುವ ಮನೆಯವರಿಗೆ ಇದು ಹೊಸ ಕೆಲಸವೆಂದು ಅನ್ನಿಸುವುದೂ ಇಲ್ಲ. ಪಾತ್ರೆ ತೊಳೆಯುವ ದ್ರವವನ್ನು ತಲೆಗೆ ಹಾಕಿಕೊಳ್ಳಲು ಹೇಳುವವರಿದ್ದಾರೆ. ಅದು ಜಿಡ್ಡಿನ ಜೊತೆಗೆ ನೆತ್ತಿಯ ಚರ್ಮದ ಎಣ್ಣೆಯನ್ನೂ ಕಿತ್ತು ಕೆರೆತ ತರುವುದರಿಂದ ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಚರ್ಮದ ವಿಷಯ ಬಂದಿರುವುದರಿಂದ ಇನ್ನೊಂದು ಮಾತು. ಹಣೆಯ ಮೇಲ್ಭಾಗದಲ್ಲಿ, ಕಪೋಲದ ಅಂಚಿನಲ್ಲಿ ಸಾಲಾಗಿ ಏಳುವ ಸಣ್ಣ ಗುಳ್ಳೆಗಳಿಗೆ ಜಿಡ್ಡಿನ ಪೋಮೇಡ್ ಕಾರಣವಾಗಬಲ್ಲದೆಂಬುದನ್ನು ಪ್ಲೆವಿಗ್, ಫುಲ್ಟನ್ ಮತ್ತು ಕ್ಲಿಗ್‌ಮನ್ ಎಂಬ ಚರ್ಮತಜ್ಞರು 1970ರಲ್ಲೇ ಪೋಮೇಡ್ ಮೊಡವೆ ಎಂಬ ಹೆಸರಿನಲ್ಲಿ ವಿವರಿಸಿದ್ದಾರೆ. ಮೊಡವೆಯ ಪ್ರವೃತ್ತಿ ಇರುವ ಹದಿಹರೆಯದವರು ಹಣೆಯಿಂದ ಒಂದು ಬೆರಳು ದೂರ ಬಿಟ್ಟು ಹಚ್ಚಿಕೊಳ್ಳಬೇಕು, ಅಥವಾ ನೀರಿಗೆ ಕರಗುವ ಬಗೆಯನ್ನೇ ಆರಿಸಬೇಕು. ನೀರಿಗೆ ಕರಗುವುದರಲ್ಲಿ ಸುಗಂಧ ಮತ್ತು ಸಂರಕ್ಷಕಗಳು ಹೆಚ್ಚಾಗಿರುವುದರಿಂದ ಅದು ಕೆಲವರಿಗೆ ತುರಿಕೆ ತರುವ ಸಾಧ್ಯತೆಯಿದೆ. ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಒಂದು ದಿನ ನೋಡುವುದು ಒಳ್ಳೆಯದು.

ಕಾಯೋಲಿನ್, ಬೆಂಟೊನೈಟ್ ಮೊದಲಾದ ಜೇಡಿಮಣ್ಣುಗಳನ್ನು ಬೆರೆಸಿದ, ಹೊಳಪಿಲ್ಲದ ಕ್ಲೇ ಎಂಬ ಮೂರನೆಯ ಬಗೆಯೂ ಇದೆ. ಇಂದಿನ ಹುಡುಗರು ಕೇಳುವುದು ಬಹುಪಾಲು ಇದನ್ನೇ. ತೆಳುಗೂದಲನ್ನು ದಟ್ಟವಾಗಿ ತೋರಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ, ಆದರೆ ಬಾಚಣಿಗೆ ಇದರಲ್ಲಿ ಓಡುವುದಿಲ್ಲ; ಬೈತಲೆ ತೆಗೆಯುವ ಕ್ರಾಪಿಗೆ ಇದು ಹೇಳಿಸಿದ್ದಲ್ಲ.

ಖರ್ಚಿನಲ್ಲಿ ಜಿಡ್ಡಿನದೇ ಅಗ್ಗ. ಎರಡನೆಯ ದಿನ ಅರ್ಧ ಸಾಕಾಗುವುದರಿಂದಲೂ, ನೀರಿನಂಶ ಆರಿ ಕುಗ್ಗುವ ಭಯವಿಲ್ಲದಿರುವುದರಿಂದಲೂ ಒಂದು ಡಬ್ಬಿ ನನಗೆ ನೀರಿಗೆ ಕರಗುವ ಡಬ್ಬಿಗಿಂತ ಎರಡರಷ್ಟು ಕಾಲವಾದರೂ ಬರುತ್ತದೆ. ಮನೆಯಲ್ಲೇ ಮಾಡಿಕೊಳ್ಳಲು ಬರುವುದೂ ಇದೊಂದೇ: ತೂಕದಲ್ಲಿ ಒಂದು ಭಾಗ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟ ಬಟ್ಟಲಿನಲ್ಲಿ ಕರಗಿಸಿ, ಎರಡು ಭಾಗ ಪೆಟ್ರೋಲಿಯಂ ಜೆಲ್ಲಿ, ಅರ್ಧ ಭಾಗ ಹರಳೆಣ್ಣೆ ಸೇರಿಸಿ ಕಲಕಿ ಆರಿಸಿದರೆ ಮಧ್ಯಮ ಹಿಡಿತದ ಪೋಮೇಡ್ ಸಿದ್ಧ. ಹರಳೆಣ್ಣೆಯ ಬದಲು ಕೊಬ್ಬರಿ ಎಣ್ಣೆ ಹಾಕಿದರೆ ಅದರ ಹದ ಋತುವಿಗೊಂದು ರೀತಿ ಬದಲಾಗುತ್ತದೆ, ಚಳಿಗಾಲದಲ್ಲಿ ಗಡುಸು, ಬೇಸಿಗೆಯಲ್ಲಿ ಮೆದು. ಮಂಗಳೂರಿಗೆ ಒಯ್ಯುವ ಡಬ್ಬಿಗೆ ನಾನು ಮೇಣವನ್ನು ಕಾಲು ಭಾಗ ಹೆಚ್ಚಿಸುತ್ತೇನೆ.

ಒಟ್ಟಿನಲ್ಲಿ ನನ್ನ ಕಪಾಟಿನಲ್ಲಿ ಈಗ ಎರಡೂ ಇವೆ: ಬೆಂಗಳೂರಿನ ಕೆಲಸದ ದಿನಗಳಿಗೂ ಕಲಬುರಗಿಯ ಬೇಸಿಗೆಗೂ ನೀರಿಗೆ ಕರಗುವುದು, ಕರಾವಳಿಗೂ ಮದುವೆಮನೆಯ ದೀರ್ಘ ದಿನಗಳಿಗೂ ಜಿಡ್ಡಿನದು. ಒಂದನ್ನೇ ಇಟ್ಟುಕೊಳ್ಳಬೇಕೆಂದರೆ, ಗಡಸು ನೀರಿನ ಮನೆಯವರು ನೀರಿಗೆ ಕರಗುವುದನ್ನು ಆರಿಸಲಿ. ಮೆದು ನೀರಿದ್ದು, ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಳ್ಳಲು ಸಂಕೋಚವಿಲ್ಲದವರು ಜಿಡ್ಡಿನದನ್ನು. ಅಂಗಡಿಯಲ್ಲಿ ಕೊಳ್ಳುವಾಗ ಮುಚ್ಚಳದ ಬರಹವನ್ನು ಬಿಟ್ಟು ಹಿಂಬದಿಯ ಪದಾರ್ಥ ಪಟ್ಟಿಯ ಮೊದಲ ಎರಡು ಹೆಸರುಗಳನ್ನು ಓದಿದರೆ ಸಾಕು. ಪೆಟ್ರೋಲೇಟಮ್ ಎಂದಿದ್ದರೆ ಅದು ಜಿಡ್ಡಿನದು. ನೀರು ಅಥವಾ ಆಕ್ವಾ, ಅದರ ಹಿಂದೆಯೇ ಸೆಟಿಯರೆತ್ ಎಂದಿದ್ದರೆ ನೀರಿಗೆ ಕರಗುವಂಥದು. ನೀರಿನ ಜೊತೆ ಖನಿಜ ತೈಲವಿದ್ದರೆ, ಮುಚ್ಚಳದ ಮೇಲೆ ಪೋಮೇಡ್ ಎಂದು ಎಷ್ಟೇ ದೊಡ್ಡದಾಗಿ ಬರೆದಿದ್ದರೂ, ಅದು ಕ್ರೀಮು.